ಹತ್ತು ಎಂಟು, ಆಮೇಲೆ ಹತ್ತು ಒಂದು

ಎಂಟಕ್ಕನ ಕೈಗೆ ಕ್ಯಾಲ್ಕ್ಯುಲೇಟರ್ ಸಿಕ್ಕಿತೆಂದರೆ ಅದು ಮೊದಲು ಪರೀಕ್ಷೆಗೆ ಕೂರಲೇಬೇಕು. ಔಷಧಿ ಅಂಗಡಿಯಾಗಲಿ, ಅಂಚೆ ಕಚೇರಿಯಾಗಲಿ, ಕೌಂಟರಿನ ಮೇಲೆ ಒಂದು ಬಿದ್ದಿರುವುದು ಕಂಡರೆ ಸಾಕು, "ಒಂದ್ನಿಮಿಷ ಕೊಡಪ್ಪ" ಎಂದು ತನ್ನತ್ತ ಎಳೆದುಕೊಳ್ಳುತ್ತಾಳೆ. ಬಲಗೈಯ ಮೂರು ಬೆರಳು ಗುಂಡಿಗಳ ಮೇಲೆ ಸರಸರನೆ ಓಡುತ್ತವೆ. ಅಂಗಡಿಯವನು ಕಣ್ಣು ಕಣ್ಣು ಬಿಡುವಷ್ಟರಲ್ಲಿ ತೀರ್ಪು ಹೊರಬೀಳುತ್ತದೆ: "ಚೆನ್ನಾಗಿದೆ, ಇಟ್ಕೋ." ಇಲ್ಲವೇ, "ಇದರ ಮೂರು ಆಗಾಗ ಕೈ ಕೊಡುತ್ತೆ, ಇದನ್ನ ನಂಬಬೇಡ." ಜೊತೆಗಿರುವ ಮಗಳು ನಾಚಿಕೆಯಿಂದ ಬೀದಿಯ ಕಡೆ ತಿರುಗಿ ನಿಲ್ಲುತ್ತಾಳೆ. ನಿಲ್ಲಲಿ ಬಿಡಿ. ಮೂವತ್ತೇಳು ವರ್ಷದ ಅಭ್ಯಾಸ ಮಗಳ ನಾಚಿಕೆಗೆ ಹೆದರಿ ಓಡುವಂಥದ್ದಲ್ಲ.

ಈ ಹೆಸರು ಅವಳಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ. ಕಾರ್ಖಾನೆ ಇಟ್ಟದ್ದು. ಅದೂ ಅವಳೇ ಮಾಡಿದ ಒಂದು ತಪ್ಪಿನಿಂದಾಗಿ. ತಪ್ಪು ಮುಚ್ಚಿಟ್ಟು ದೊಡ್ಡವರಾದವರು ಬೇಕಾದಷ್ಟು ಜನ ಇದ್ದಾರೆ. ಈಕೆ ತನ್ನ ತಪ್ಪನ್ನು ತಾನೇ ಎಳೆದು ತಂದು ಎಲ್ಲರೆದುರು ಮೇಜಿನ ಮೇಲಿಟ್ಟವಳು, ಅದಕ್ಕೇ ಅವಳ ಕಥೆ ಹೇಳಬೇಕೆನಿಸುತ್ತದೆ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಆ ಕಾರ್ಖಾನೆ ಸೇರಿದಳು. ಊರಂಚಿನಲ್ಲಿ ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ಒಳಗೆ ಎರಡು ಸಾಲು ಮೇಜು, ಪ್ರತಿ ಮೇಜಿಗೂ ಕುತ್ತಿಗೆ ಬಾಗಿಸಿದ ಒಂದು ದೀಪ. ಸಂದರ್ಶನದಲ್ಲಿ ದಪ್ಪ ಕನ್ನಡಕದ ಎಂಜಿನಿಯರ್ ಒಬ್ಬ ಪ್ರಶ್ನೆ ಗಿಶ್ನೆ ಏನೂ ಕೇಳಲಿಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಬಣ್ಣದ ಪಟ್ಟೆಗಳಿದ್ದ ಬಿಡಿಭಾಗಗಳನ್ನು ಒಂದು ಬಟ್ಟಲ ತುಂಬ ತಂದು ಅವಳ ಮುಂದೆ ಸುರಿದು, "ಬಣ್ಣ ನೋಡಿ ಬೇರೆ ಬೇರೆ ಮಾಡಿ" ಎಂದ. ಅವನೂ ಆಗಿನ್ನೂ ಹುಡುಗನೇ, ಆದರೆ ಎಲ್ಲರಿಗೂ "ನೀವು" ಎನ್ನುವ ಜಾತಿಯವನು. ಅವಳ ಕೈ ನಡುಗಲಿಲ್ಲ, ಕಣ್ಣು ತಪ್ಪಲಿಲ್ಲ. ಮರುದಿನವೇ ಕೆಲಸ.

ಆಗಿನ ಕ್ಯಾಲ್ಕ್ಯುಲೇಟರನ್ನು ಈಗಿನವರಿಗೆ ತೋರಿಸಿದರೆ ನಗುತ್ತಾರೆ. ಹೊಲಿಗೆ ಯಂತ್ರದಷ್ಟು ಭಾರ, ಎತ್ತಲು ಇಬ್ಬರು ಬೇಕು. ಮುಚ್ಚಳ ತೆಗೆದರೆ ಒಳಗೆ ನೂರಾರು ಟ್ರಾನ್ಸಿಸ್ಟರು, ಒಂದೊಂದಕ್ಕೂ ಮೂರು ಕಾಲು, ಒಂದೊಂದು ಕಾಲಿಗೂ ಕೈಯಿಂದ ಹಾಕಿದ ಬೆಸುಗೆ. ಮುಂಭಾಗದಲ್ಲಿ ಹತ್ತು ಗಾಜಿನ ಬುರುಡೆಗಳ ಸಾಲು. ಪ್ರತಿ ಬುರುಡೆಯೊಳಗೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ತಂತಿಯ ರೂಪದಲ್ಲಿ ಒಂದರ ಬೆನ್ನಿಗೊಂದು ನಿಂತಿರುತ್ತಿದ್ದವು, ಬೇಕಾದದ್ದು ಮಾತ್ರ ಕೆಂಡದ ಬಣ್ಣದಲ್ಲಿ ಬೆಳಗುತ್ತಿತ್ತು. ಎರಡು ವರ್ಷ ಬೆಸುಗೆ ಮೇಜಿನಲ್ಲಿ ಕುಳಿತ ಮೇಲೆ ಅವಳನ್ನು ಪರೀಕ್ಷೆಯ ಮೇಜಿಗೆ ಹಾಕಿದರು, ಆರನೇ ನಂಬರಿನ ಮುದ್ರೆ ಕೊಟ್ಟರು. ಹತ್ತು ಬುರುಡೆಯಲ್ಲೂ ಹತ್ತು ಅಂಕಿ ಉರಿಯುತ್ತವೆಯೇ ಎಂದು ಒಂದೊಂದಾಗಿ ನೋಡಬೇಕು. ಒಂದು ಯಂತ್ರಕ್ಕೆ ಅರ್ಧ ಗಂಟೆ. ಎಲ್ಲ ಸರಿಯಿದ್ದರೆ ಹಿಂಬದಿಯ ಮುಚ್ಚಳದ ಒಳಗೆ ಮುದ್ರೆ ಒತ್ತಬೇಕು. ಮುದ್ರೆ ಬಿದ್ದ ಮೇಲೆ ಆ ಯಂತ್ರಕ್ಕೆ ಅವಳು ಜವಾಬ್ದಾರಿ. ಆ ಸಣ್ಣ ರಬ್ಬರ್ ತುಂಡನ್ನು ಅವಳು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದಳು.

ಆಮೇಲೆ ಯಂತ್ರಗಳು ಒಣಗಿದ ಹಣ್ಣಿನಂತೆ ಕುಗ್ಗುತ್ತಾ ಬಂದವು. ನೂರಾರು ಟ್ರಾನ್ಸಿಸ್ಟರಿನ ಜಾಗಕ್ಕೆ ನಾಲ್ಕು ಚಿಪ್ ಬಂದವು, ಸ್ವಲ್ಪ ದಿನಕ್ಕೆ ನಾಲ್ಕರ ಜಾಗಕ್ಕೆ ಒಂದೇ ಒಂದು. ಗಾಜಿನ ಬುರುಡೆ ಹೋಗಿ ಕೆಂಪು ದೀಪದ ಅಂಕಿ ಬಂತು; ನೋಡಲು ಚೆಂದ, ಆದರೆ ಬ್ಯಾಟರಿಯನ್ನು ಗಟಗಟನೆ ಕುಡಿಯುತ್ತಿತ್ತು. ಅದೂ ಹೋಗಿ ಬೂದು ಗಾಜಿನ ಮೇಲೆ ಕಪ್ಪು ಅಂಕಿ ಬಂತು, ಕೊನೆಗೆ ಕಿಟಕಿಯ ಬೆಳಕಿಗೇ ಓಡುವಂಥದ್ದು. ಬೆಸುಗೆ ಮೇಜಿನ ನಲವತ್ತು ಜನ ಹತ್ತಾದರು. ಗುಂಡಿಗಳ ಅಡಿಯ ಸ್ಪ್ರಿಂಗುಗಳೂ ಹೋದವು. ಎಲ್ಲಕ್ಕೂ ಸೇರಿ ಒಂದೇ ರಬ್ಬರ್ ಹಾಳೆ, ಪ್ರತಿ ಗುಂಡಿಯ ಅಡಿಗೂ ಒಂದು ಕಪ್ಪು ಬೊಟ್ಟು. ಬೊಟ್ಟು ಒಳಗಿನ ಸರ್ಕ್ಯೂಟ್ ಹಲಗೆಗೆ ತಾಗಿದರೆ ಯಂತ್ರಕ್ಕೆ ಅಂಕಿ ತಿಳಿಯುತ್ತದೆ, ಅಷ್ಟೇ.

ಅರ್ಧ ಗಂಟೆಯ ಪರೀಕ್ಷೆಗೂ ಕಾಲ ಉಳಿಯಲಿಲ್ಲ. ಈಗ ಸಾಲಿನಲ್ಲಿ ಹದಿನೈದು ಸೆಕೆಂಡಿಗೊಂದು ಯಂತ್ರ ಬರುತ್ತಿತ್ತು. ಮೇಲ್ವಿಚಾರಕ ಕೈಯಲ್ಲೊಂದು ಸ್ಟಾಪ್‌ವಾಚ್ ಹಿಡಿದು ಬೆನ್ನ ಹಿಂದೆ ನಿಂತಿರುತ್ತಿದ್ದ, ಹಾಗಾಗಿ ಅವನಿಗೆ ಗಡಿಯಾರ ಎಂದೇ ಹೆಸರು. ಹದಿನೈದು ಸೆಕೆಂಡಿನಲ್ಲಿ ನೋಡುವುದು ಹೇಗೆ? ಉಪಾಯ ಹೇಳಿದವಳು ಇವಳೇ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಹೇಳಿಕೊಟ್ಟ ಒಂದು ಚಮತ್ಕಾರ ಅವಳಿಗೆ ನೆನಪಿತ್ತು. 12345679 ಅನ್ನು 9ರಿಂದ ಗುಣಿಸಿದರೆ 111111111. ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. ಒಂದು ಗುಂಡಿ ಕೆಟ್ಟಿದ್ದರೂ ಸಾಲು ಒಡೆಯುತ್ತದೆ, ಓದುವುದೇ ಬೇಡ, ಕಣ್ಣು ಹಾಯಿಸಿದರೆ ಸಾಕು. ಗಡಿಯಾರ ಖುಷಿಯಿಂದ ಹಿಗ್ಗಿದ. ಕಾರ್ಖಾನೆಯ ಯಜಮಾನರು ಕರೆದು ಶಭಾಶ್ ಅಂದರು. ಪರೀಕ್ಷೆಯ ಆರೂ ಮೇಜಿನಲ್ಲಿ ಅದೇ ಲೆಕ್ಕ ಜಾರಿಗೆ ಬಂತು. ಆ ವಾರ ಅವಳ ಕಾಲು ನೆಲದ ಮೇಲಿರಲಿಲ್ಲ.

ಹೀಗೇ ಮೂರು ವರ್ಷ ಕಳೆಯಿತು. ನಾಲ್ಕನೆಯ ವರ್ಷ ಒಂದು ದಿನ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಅವರದೇ ಕ್ಯಾಲ್ಕ್ಯುಲೇಟರು, ಜೊತೆಗೆ ಆಸ್ಪತ್ರೆಯ ಹಾಳೆಯಲ್ಲಿ ಒಂದು ಪತ್ರ. ಗಡಿಯಾರ ಅದನ್ನು ಓದಿ, ಮುಚ್ಚಳ ತೆಗೆದು ನೋಡಿ, ಅವಳ ಮೇಜಿಗೆ ತಂದಿಟ್ಟ. ಒಳಗೆ ಆರನೇ ನಂಬರಿನ ಮುದ್ರೆ ಇತ್ತು.

ಪತ್ರ ಬರೆದವಳು ಮಕ್ಕಳ ವಾರ್ಡಿನ ದಾದಿ. "ಔಷಧಿಯ ಅಳತೆ ಲೆಕ್ಕ ಹಾಕುವಾಗ ಹದಿನೆಂಟು ಕಿಲೋ ತೂಕದ ಮಗುವನ್ನು ನಿಮ್ಮ ಯಂತ್ರ ಒಂದು ಕಿಲೋ ಎಂದುಕೊಂಡಿತು. ಎಂಟು ಒತ್ತಿದರೆ ಕೆಲವೊಮ್ಮೆ ಬೀಳುತ್ತದೆ, ಕೆಲವೊಮ್ಮೆ ಬೀಳುವುದಿಲ್ಲ. ಎಂಟಿಲ್ಲದ ಲೆಕ್ಕಗಳೆಲ್ಲ ಸರಿಯಾಗಿಯೇ ಬರುತ್ತವೆ, ಭಯವಾಗುವುದು ಅದಕ್ಕೇ. ನಾನು ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವುದರಿಂದ ಉತ್ತರ ನೋಡಿದ ಕೂಡಲೇ ಅನುಮಾನ ಬಂತು. ನನ್ನ ಜಾಗದಲ್ಲಿ ಹೊಸಬಳು ಇದ್ದಿದ್ದರೆ ಏನಾಗುತ್ತಿತ್ತು, ಯೋಚಿಸಿ."

ಅವಳು ತನ್ನ ಲೆಕ್ಕವನ್ನು ಒತ್ತಿ ನೋಡಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಒಂಬತ್ತು. ಗುಣಿಸು ಒಂಬತ್ತು. ಒಂಬತ್ತು ಒಂದುಗಳು ಮುದ್ದಾಗಿ ಸಾಲು ನಿಂತವು. ಯಂತ್ರ ಪಾಸು! ಆ ಚಮತ್ಕಾರದ ಲೆಕ್ಕದಲ್ಲಿ ಎಂಟೇ ಇಲ್ಲ. ಎಂಟನ್ನು ಬಿಟ್ಟರೆ ಮಾತ್ರ ಒಂದುಗಳು ಬರುತ್ತವೆ ಎಂದು ಮೇಷ್ಟ್ರು ಒತ್ತಿ ಒತ್ತಿ ಹೇಳಿದ್ದು ಅವಳಿಗೆ ಬಾಯಿಪಾಠ. ಹಾಗಿದ್ದೂ ಮೂರು ವರ್ಷ, ಆರು ಮೇಜು, ಸಾವಿರಾರು ಯಂತ್ರ, ಒಬ್ಬರಾದರೂ ಎಂಟರ ಗುಂಡಿ ಮುಟ್ಟಿರಲಿಲ್ಲ. ಮುಟ್ಟದಂತೆ ಮಾಡಿದವಳು ತಾನೇ.

ಕನ್ನಡಕದ ಎಂಜಿನಿಯರ್ ಬಂದು ಯಂತ್ರ ಬಿಚ್ಚಿದ. ರಬ್ಬರ್ ಹಾಳೆಯಲ್ಲಿ ಎಂಟರ ಅಡಿಯ ಕಪ್ಪು ಬೊಟ್ಟು ಅರ್ಧಕ್ಕರ್ಧ ಕಿತ್ತುಹೋಗಿತ್ತು. "ಇಷ್ಟೇ ಅಲ್ಲ" ಎಂದು ಅವನು ಮೆಲ್ಲಗೆ ಹೇಳಿದ. "ಪರದೆಯಲ್ಲಿ ಒಂದು ಅಂಕಿಯ ಮನೆಗೆ ಏಳು ಗೀಟು. ಹತ್ತು ಮನೆಗೆ ಎಪ್ಪತ್ತು. ನಿಮ್ಮ ಉತ್ತರದಲ್ಲಿ ಒಂದಕ್ಕೆ ಎರಡೇ ಗೀಟು, ಒಂಬತ್ತು ಮನೆಗೆ ಹದಿನೆಂಟು. ಮಿಕ್ಕಿದ್ದು ಇದೆಯೋ ಸತ್ತಿದೆಯೋ, ನಾವು ನೋಡೇ ಇಲ್ಲ." ಒತ್ತುವಾಗ ಬೇರೆ ಅಂಕಿಗಳು ಮಿಂಚಿ ಹೋಗುತ್ತಿದ್ದವು, ನಿಜ. ಆದರೆ ಕಣ್ಣು ಕಾಯುತ್ತಿದ್ದದ್ದು ಉತ್ತರವನ್ನು ಮಾತ್ರ.

"ಆಯ್ತು, ಆ ದಾದಿಗೆ ಹೊಸದೊಂದು ಕಳಿಸೋಣ, ಕ್ಷಮಿಸಿ ಅಂತ ಒಂದು ಸಾಲು ಬರೆಯೋಣ" ಎಂದ ಗಡಿಯಾರ. "ಇದನ್ನ ಇಲ್ಲಿಗೇ ಬಿಟ್ಬಿಡಕ್ಕ."

"ಗೋದಾಮಿನಲ್ಲಿ ಕಟ್ಟಿಟ್ಟಿರೋ ಎರಡು ಸಾವಿರ?"

"ಅದಕ್ಕೇನು? ಪಾಸಾಗಿದೆಯಲ್ಲ."

"ಪಾಸು ಮಾಡಿದವಳು ನಾನು. ಪಾಸಾಗಿಲ್ಲ ಅಂತಾನೂ ನಾನೇ ಹೇಳ್ತಿದೀನಿ. ಎಲ್ಲಾ ಬಿಚ್ಚಿ ಮತ್ತೆ ನೋಡಬೇಕು."

ಮಾತು ಯಜಮಾನರ ಕೋಣೆಗೆ ಹೋಯಿತು. ಯಜಮಾನರು ಕೆಟ್ಟವರಲ್ಲ, ಆದರೆ ಅವಸರದವರು. ಮೇಜಿನ ಮೇಲೆ ಬೆರಳು ಕುಟ್ಟುತ್ತಾ ಕಡ್ಡಿ ಮುರಿದಂತೆ ಹೇಳಿದರು. "ಎಲ್ಲಾ ಗುಂಡಿ, ಎಲ್ಲಾ ಗೀಟು ನೋಡ್ತಾ ಕೂತ್ರೆ ಸಾಲು ನಿಂತುಹೋಗುತ್ತಮ್ಮ. ಬೇರೆ ಕಡೆ ಐವತ್ತಕ್ಕೆ ಒಂದು ತೆಗೆದು ನೋಡ್ತಾರೆ, ಉಳಿದದ್ದು ಹಾಗೇ ಹೋಗುತ್ತೆ. ನಾನೂ ಮುಂದಿನ ತಿಂಗಳಿಂದ ಹಾಗೇ ಮಾಡೋಣ ಅಂತಿದೀನಿ. ಪರೀಕ್ಷೆ ಮೇಜೇ ಬೇಡ, ನಿಮ್ಮನ್ನೆಲ್ಲ ಪ್ಯಾಕಿಂಗಿಗೆ ಹಾಕ್ತೀನಿ."

"ಆ ಮಗುವಿನ ವಾರ್ಡಿಗೆ ಹೋಗೋದು ಉಳಿದ ನಲವತ್ತೊಂಬತ್ತರಲ್ಲಿ ಒಂದಾಗಿದ್ರೆ ಸಾರ್?"

ಯಜಮಾನರ ಬೆರಳು ನಿಂತಿತು. ಅವಳು ಆ ಸಂದಿಯಲ್ಲೇ ನುಗ್ಗಿದಳು. "ಒಂದು ವಾರ ಕೊಡಿ. ಎಲ್ಲಾ ಗುಂಡಿ ಒತ್ತಿ, ಎಲ್ಲಾ ಗೀಟು ನೋಡಿ, ಹದಿನೈದು ಸೆಕೆಂಡಿನೊಳಗೇ ಮುಗಿಸೋ ಲೆಕ್ಕ ತರ್ತೀನಿ. ತರದೇ ಇದ್ರೆ ಮೇಜು ಎತ್ತಿಸಿ, ಮುದ್ರೆ ನಾನೇ ವಾಪಸ್ ಕೊಡ್ತೀನಿ."

ಹೊರಗೆ ಬಂದವಳು ನೇರ ಮೇಜಿಗೆ ಹೋಗಿ ಪೆನ್ಸಿಲು ಹಿಡಿದಳು. ಅಂಥ ಲೆಕ್ಕ ಇದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹತ್ತನೇ ತರಗತಿ ದಾಟದವಳು ಯಜಮಾನರೆದುರು ಪಂಥ ಕಟ್ಟಿ ಬಂದಿದ್ದಳು. ಉಳಿದ ಐದು ಮೇಜಿನವರ ಮುಖ ನೋಡಲು ಅಂಜಿಕೆಯಾಯಿತು, ಏಕೆಂದರೆ ಅವರ ಮೇಜನ್ನೂ ಸೇರಿಸಿಯೇ ಪಣಕ್ಕಿಟ್ಟಿದ್ದಳು.

ಆರು ದಿನ ಅವಳು ಕೂತಲ್ಲಿ ನಿಂತಲ್ಲಿ ಅಂಕಿಗಳನ್ನೇ ಗೀಚಿದಳು. ಬಸ್ಸಿನ ಟಿಕೆಟಿನ ಹಿಂದೆ, ಮಗಳ ಪಾಟಿಯ ಮೇಲೆ, ನೀರೊಲೆಯ ಮುಂದಿನ ಗೋಡೆಯ ಮೇಲೆ ಇದ್ದಿಲಿನಿಂದ. ಎಲ್ಲಾ ಗುಂಡಿ ಒತ್ತುವ ಲೆಕ್ಕ ನೂರು ಸಿಗುತ್ತಿತ್ತು, ಆದರೆ ಉತ್ತರ ಸಂತೆಯಂತೆ ಚೆಲ್ಲಾಪಿಲ್ಲಿ. ಓದಿ, ನೆನಪಿಟ್ಟು, ತಾಳೆ ನೋಡುವಷ್ಟರಲ್ಲಿ ಹದಿನೈದು ಸೆಕೆಂಡು ಎಲ್ಲಿ ಉಳಿಯುತ್ತದೆ? ಅವಳಿಗೆ ಬೇಕಿದ್ದದ್ದು ಕಣ್ಣು ಹಾಯಿಸಿದರೆ ತಿಳಿಯುವ ಉತ್ತರ. ತಲೆ ಮೊಸರು ಗಡಿಗೆಯಾಗಿತ್ತು. ಆದರೂ ಪಟ್ಟು ಬಿಡಲಿಲ್ಲ.

ಏಳನೆಯ ದಿನ ಭಾನುವಾರ. ಬೆಳಿಗ್ಗೆ ಅವಳು ಅಡುಗೆಮನೆಯ ನೆಲದ ಮೇಲೆ ಹಾಳೆ ಹರಡಿಕೊಂಡು ಕೂತಿದ್ದಳು. ಗಂಡ ದರ್ಜಿ, ಮುಂದಿನ ಕೋಣೆಯೇ ಅವನ ಅಂಗಡಿ. ಹೊಲಿದು ಮುಗಿದ ಒಂದು ಅಂಗಿಯನ್ನು ಒಳಗು ಹೊರಗು ಮಾಡಿ ಬೆಳಕಿಗೆ ಹಿಡಿದು ನೋಡುತ್ತಾ ಬಾಗಿಲಲ್ಲಿ ನಿಂತ.

"ಇನ್ನೂ ಮುಗೀಲಿಲ್ವೇನೇ ನಿನ್ನ ಒಂದು ಎರಡು?"

"ಮುಗಿಯೋದೂ ಇಲ್ಲ. ನಾಳೆ ಮುದ್ರೆ ಕೊಟ್ಟು ಬರಬೇಕು ಅಷ್ಟೇ. ಅದಿರ್ಲಿ, ನೀವೇನ್ರಿ ಹೊಲಿದು ಮುಗಿದಿರೋ ಅಂಗಿನ ಇಷ್ಟು ಹೊತ್ತು ನೋಡ್ತೀರಾ?"

"ಹೊರಗಡೆಯಿಂದ ಎಲ್ಲಾ ಅಂಗಿನೂ ಚೆನ್ನಾಗೇ ಇರುತ್ತೆ ಕಣೇ. ತಿರುಗಿಸಿ ನೋಡಿದ್ರೇನೇ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಗೊತ್ತಾಗೋದು."

ಅವಳು ಅವನ ಕೈಯ ಅಂಗಿಯನ್ನೇ ನೋಡಿದಳು. ಆಮೇಲೆ ಹೊಸ ಹಾಳೆ ಎಳೆದುಕೊಂಡು ಅಂಕಿಗಳನ್ನು ಹಿಂದಿನಿಂದ ಬರೆದಳು. 987654321. ಎಂಟನ್ನು ಬಿಡಲಿಲ್ಲ. ಅದನ್ನು ಒಂಬತ್ತರಿಂದ ಗುಣಿಸುತ್ತಾ ಹೋದಳು. ಬಲಗಡೆ ಒಂದು ಒಂಬತ್ತು ಬಂತು. ಅದರ ಎಡಕ್ಕೆ ಎಂಟು. ಮತ್ತೆ ಎಂಟು. ಮತ್ತೆ ಎಂಟು. ಪೆನ್ಸಿಲು ಒತ್ತಿ ಹಾಳೆ ಹರಿಯಿತು. 8888888889.

"ಅಯ್ಯೋ, ಕೊನೇದೊಂದು ಒಂಬತ್ತಾಗಿಬಿಡ್ತಲ್ಲ" ಎಂದು ಗಂಡ ಬಗ್ಗಿ ನೋಡಿ ಲೊಚಗುಟ್ಟಿದ.

"ಅದಕ್ಕೇನು, ಒಂದು ಕಳೆದ್ರೆ ಆಯ್ತು. ಕಳೆಯೋ ಗುಂಡಿನೂ ನೋಡಬೇಕಲ್ಲ!" ಎಂದವಳು ನಗಲು ಶುರುಮಾಡಿದಳು. ಹತ್ತು ಮನೆಯಲ್ಲಿ ಹತ್ತು ಎಂಟು. ಎಂಟಕ್ಕೆ ಏಳೂ ಗೀಟು ಬೇಕು; ಎಪ್ಪತ್ತಕ್ಕೆ ಎಪ್ಪತ್ತೂ ಉರಿಯಲೇಬೇಕು. ಇನ್ನು ಒತ್ತದೆ ಉಳಿದ ಗುಂಡಿಗಳು ಸೊನ್ನೆ, ಭಾಗಿಸು, ಕೂಡು. ಎಂಟರಿಂದ ಭಾಗಿಸಿ ಸೊನ್ನೆ ಕೂಡಿದಳು. ಅವಳ ಹಳೆಯ ಒಂದುಗಳೇ ವಾಪಸ್ ಬಂದು ನಿಂತವು, ಒಂಬತ್ತಲ್ಲ, ಈ ಸಲ ಹತ್ತು. ಕಣ್ಣು ತುಂಬಿ ಬಂತು. ಗಂಡನ ಕೈಯ ಅಂಗಿಯಿಂದಲೇ ಒರೆಸಿಕೊಂಡಳು. "ಏಯ್, ಗಿರಾಕಿದು!" ಎಂದು ಅವನು ಕಿತ್ತುಕೊಂಡ.

ಸೋಮವಾರ ಪರೀಕ್ಷೆಯ ಮೇಜಿನ ಸುತ್ತ ಇಡೀ ಶೆಡ್ಡು ನೆರೆಯಿತು. ಗಡಿಯಾರ ಸ್ಟಾಪ್‌ವಾಚ್ ಹಿಡಿದ. ಒಂಬತ್ತು ಎಂಟು ಏಳು, ಆರು ಐದು ನಾಲ್ಕು, ಮೂರು ಎರಡು ಒಂದು; ಮೇಲಿನಿಂದ ಮೂರು ಸಾಲು, ಬಲದಿಂದ ಎಡಕ್ಕೆ ಬೆರಳು ಗುಡಿಸಿಕೊಂಡು ಬಂದರಾಯಿತು, ಹುಡುಕುವುದೇ ಬೇಡ. ಒಟ್ಟು ಹದಿಮೂರು ಸೆಕೆಂಡು.

"ಎಂಟು ಬಂದ ಮೇಲೆ ಎಲ್ಲಾ ಗೀಟು ಉರೀತು ಅಂತಾಯ್ತಲ್ಲ" ಎಂದ ಗಡಿಯಾರ, ಸೋಲೊಪ್ಪುವ ಮನಸ್ಸಿಲ್ಲದೆ. "ಆಮೇಲಿನ ಒಂದು ಯಾಕೆ? ಅಲ್ಲಿಗೇ ನಿಲ್ಲಿಸಿದ್ರೆ ನಾಲ್ಕು ಸೆಕೆಂಡು ಉಳಿಯುತ್ತೆ."

"ಉರಿಯೋದು ನೋಡಿದ್ರೆ ಸಾಲದು. ಆರೋದೂ ನೋಡಬೇಕು" ಎಂದಳು ಅವಳು. ಎಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡ. ಅವನು ಒರೆಸಿಕೊಂಡನೆಂದರೆ ಒಪ್ಪಿದನೆಂದು ಅರ್ಥ.

ಯಜಮಾನರು ಎರಡು ಸಾವಿರ ಪೆಟ್ಟಿಗೆ ಬಿಚ್ಚಿಸಿದರು. ಆರು ಮೇಜಿನವರು ಎರಡು ದಿನ ಕೂತರು. ಎಂಟು ಬೀಳದ ಯಂತ್ರಗಳು ಮೂವತ್ತೊಂದು ಸಿಕ್ಕವು, ಅದರಲ್ಲಿ ಒಂಬತ್ತಕ್ಕೆ ಆರನೇ ನಂಬರಿನ ಮುದ್ರೆ. ಅವಳು ಆ ಒಂಬತ್ತನ್ನೂ ಬೇರೆಯವರಿಗೆ ಬಿಡದೆ ತಾನೇ ಕೆಟ್ಟವಕ್ಕೆಂದಿಟ್ಟ ಕೆಂಪು ತಟ್ಟೆಗೆ ಹಾಕಿದಳು. ದಾದಿಗೆ ಹೊಸ ಯಂತ್ರ ಹೋಯಿತು, ಜೊತೆಗೆ ಹೊಸ ಲೆಕ್ಕವನ್ನು ಬರೆದ ಒಂದು ಚೀಟಿ: "ದಿನಾ ಬೆಳಿಗ್ಗೆ ಒಮ್ಮೆ ಒತ್ತಿ ನೋಡಿ. ನಾವು ನೋಡಿದ್ದೇವೆ ಎಂದು ನಂಬಬೇಡಿ." ಐವತ್ತಕ್ಕೆ ಒಂದು ಎಂಬ ಮಾತು ಆ ಶೆಡ್ಡಿನಲ್ಲಿ ಮತ್ತೆ ಏಳಲಿಲ್ಲ. ಎಂಟಕ್ಕ ಎಂಬ ಹೆಸರು ಆ ವಾರ ಹುಟ್ಟಿದ್ದು.

ಆಮೇಲಿನ ವರ್ಷಗಳನ್ನು ಉದ್ದಕ್ಕೆ ಹೇಳುವಂತಿಲ್ಲ. ಬೆರಳು ಗುಡಿಸಿದ್ದು, ಮುದ್ರೆ ಒತ್ತಿದ್ದು, ಮಗಳ ಮದುವೆ, ಮೊಮ್ಮಗಳು, ಕನ್ನಡಕ. ಕ್ಯಾಲ್ಕ್ಯುಲೇಟರು ಕುಗ್ಗಿ ಕುಗ್ಗಿ ಕೊನೆಗೆ ಫೋನಿನೊಳಗೆ ಹೊಕ್ಕು ಕೂತಿತು, ಬೇರೆಯಾಗಿ ಕೊಳ್ಳುವವರು ಕಮ್ಮಿಯಾದರು. ಎಂಟಕ್ಕ ನಿವೃತ್ತಳಾಗುವ ತಿಂಗಳೇ ಕಾರ್ಖಾನೆ ಅದನ್ನು ಮಾಡುವುದನ್ನು ನಿಲ್ಲಿಸಿ ವಿದ್ಯುತ್ ಮೀಟರಿನ ಹಲಗೆ ಮಾಡಲು ಹೊರಟಿತು. ಬೀಳ್ಕೊಡುಗೆಗೆ ಶೆಡ್ಡಿನಲ್ಲೇ ಕುರ್ಚಿ ಹಾಕಿಸಿದರು. ಮುಂದಿನ ಸಾಲಿನಲ್ಲಿ ಯಾವತ್ತೋ ನಿವೃತ್ತನಾಗಿದ್ದ ಗಡಿಯಾರ, ತಲೆ ಪೂರ್ತಿ ಬೆಳ್ಳಗಾದ ಎಂಜಿನಿಯರ್, ಅಂಚಿನಲ್ಲಿ ಗಂಡ. ಯಜಮಾನರು ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ಆ ಬೆಳಿಗ್ಗೆಯಷ್ಟೇ ಸಾಲಿನಿಂದ ಇಳಿದಿದ್ದ ಕೊನೆಯ ಯಂತ್ರವನ್ನು ಅವಳ ಕೈಗಿಟ್ಟರು. ನೆನಪಿಗೆ.

ಕೈಗೆ ಬಂದದ್ದನ್ನು ಸುಮ್ಮನೆ ಇಟ್ಟುಕೊಳ್ಳುತ್ತಾಳೆಯೇ? ಬೆರಳು ಗುಡಿಸಿದಳು. ಹತ್ತು ಎಂಟು ನಿಂತವು. ಪಕ್ಕದಲ್ಲಿದ್ದವರು ಇಣುಕಿ ನೋಡಿ ಹೋ ಎಂದು ಚಪ್ಪಾಳೆ ತಟ್ಟಿದರು, ಇಡೀ ಶೆಡ್ಡು ತಟ್ಟಿತು. ಎಂಟಕ್ಕ ಮಾತ್ರ ನಿಲ್ಲಿಸಲಿಲ್ಲ. ಭಾಗಿಸು ಎಂಟು, ಕೂಡು ಸೊನ್ನೆ. ನೋಡಿದಳು. ಹುಬ್ಬು ಗಂಟಿಕ್ಕಿತು. ಹತ್ತು ಒಂದುಗಳ ನಡುವೆ ಒಂದರ ತಲೆಯ ಮೇಲಿನ ಗೀಟು ಆರಿರಲಿಲ್ಲ. ಅದು ಏಳಾಗಿ ಕೂತಿತ್ತು.

"ಇದು ಪಾಸಾಗಲ್ಲ ಸಾರ್."

ಚಪ್ಪಾಳೆ ಒಂದೊಂದಾಗಿ ಸತ್ತಿತು. ಯಜಮಾನರು ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದರು. "ಇರ್ಲಿ ಬಿಡಮ್ಮ, ಷೋಕೇಸಿನಲ್ಲಿಡೋಕೆ ತಾನೆ. ಇದೇ ಕೊನೇದು, ಇನ್ನೊಂದಿಲ್ಲ. ಇದರಲ್ಲಿ ಯಾರು ಲೆಕ್ಕ ಮಾಡ್ತಾರೆ?"

"ಗುಂಡಿ ಇದೆ ಅಂದ ಮೇಲೆ ಯಾರಾದ್ರೂ ಒಬ್ರು ಒತ್ತೇ ಒತ್ತುತ್ತಾರೆ ಸಾರ್. ಇನ್ನೊಂದಿಲ್ಲ ಅಂತ ಕೆಟ್ಟದ್ದನ್ನ ಒಳ್ಳೇದು ಅನ್ನೋಕಾಗುತ್ತಾ?"

ಎಂಜಿನಿಯರ್ ಎದ್ದ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಅವಳ ಮೇಜಿನ ಮುಂದೆ ಕೂತ, ಡ್ರಾಯರಿನಿಂದ ಸಣ್ಣ ಸ್ಕ್ರೂಡ್ರೈವರು ತೆಗೆದ. ಮುಚ್ಚಳ ಬಿಚ್ಚಿ, ಭೂತಗನ್ನಡಿ ಹಿಡಿದು ಹುಡುಕಿದ. ಹಲಗೆಯ ಮೇಲಿನ ಎರಡು ಗೆರೆಗಳ ನಡುವೆ ಸಾಸಿವೆಯ ಚೂರಿಗಿಂತ ಸಣ್ಣದೊಂದು ಬೆಸುಗೆಯ ಕಣ. ಚಿಮಟದಿಂದ ಕಿತ್ತು, ಊದಿ, ಮತ್ತೆ ಜೋಡಿಸಿದ. ಅಷ್ಟು ಹೊತ್ತೂ ಯಾರೂ ಕದಲಲಿಲ್ಲ. ಯಜಮಾನರು ಕೂಡ ಮಾಲೀಕರೆಂಬುದನ್ನು ಮರೆತು ನಿಂತೇ ಇದ್ದರು. ಗಡಿಯಾರನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ಹಳೆಯ ಸ್ಟಾಪ್‌ವಾಚನ್ನು ಹೊರತೆಗೆದಿತ್ತು.

ಎಂಟಕ್ಕ ಮೊದಲಿನಿಂದ ಒತ್ತಿದಳು. ಹತ್ತು ಎಂಟು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಕಾದರು. ಹತ್ತು ಒಂದು.

ಅವಳು ಕರವಸ್ತ್ರದ ಗಂಟು ಬಿಚ್ಚಿದಳು. ಆ ಬೆಳಿಗ್ಗೆಯೇ ಕಚೇರಿಗೆ ಒಪ್ಪಿಸಬೇಕಿದ್ದ ಆರನೇ ನಂಬರಿನ ಮುದ್ರೆ ಅದರಲ್ಲೇ ಇತ್ತು. ಹಿಂಬದಿಯ ಮುಚ್ಚಳ ತೆಗೆದು ಒಳಗೆ ಒತ್ತಿ, ಶಾಯಿ ಒಣಗಲೆಂದು ಉಫ್ ಎಂದು ಊದಿದಳು.

"ಎಷ್ಟಾಯ್ತು?" ಎಂದು ತಿರುಗದೆಯೇ ಗಡಿಯಾರನನ್ನು ಕೇಳಿದಳು.

"ನೋಡಲಿಲ್ಲಕ್ಕ" ಎಂದ ಅವನು, ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಳ್ಳುತ್ತಾ.